ಭಂಡಾರ ರೋಗದ ಬೀಗರ ಮನೆ

ವಾರ್ಷಿಕ ಸಂಚಿಕೆಗೆ ಲೇಖನ ಕೊಡಿ ಅಂತ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬಂದು ನಾನು ಅದನ್ನು ನೋಡುವಷ್ಟರಲ್ಲಿ ಮೊದಲ ಹಿಮ, ಮೊದಲ ಡ್ರೈವಿಂಗ್ ಟೆಸ್ಟ್, ಇಂಡಿಯನ್ ಸ್ಟೋರಿನ ಮೆಂತ್ಯೆ ಸೊಪ್ಪಿನ ರೇಟು ಎಲ್ಲವೂ ಹಂಚಿಕೆಯಾಗಿಬಿಟ್ಟಿದ್ದವು. ನನ್ನ ಪಾಲಿಗೆ ಉಳಿದದ್ದು ನನ್ನ ಕೆಲಸವೇ. ಅಂದರೆ, ಬೆಳೆಗೆ ರೋಗ ತರುವ ಶಿಲೀಂಧ್ರಗಳ ಲೈಂಗಿಕ ಸಂತಾನೋತ್ಪತ್ತಿ. ಪಿಯುಸಿ ಪುಸ್ತಕದ ಈ ಪದವನ್ನು ಫೋನಿನಲ್ಲಿ ಅವ್ವನ ಮುಂದೆ ಹೇಳುವುದು ಹೇಗೆ ಅಂತ ಒಂದು ವರ್ಷ ಒದ್ದಾಡಿದ್ದೇನೆ. ಕೊನೆಗೆ ‘ಮದುವೆ’ ಅಂದೆ. ಸೋದರತ್ತೆಗೆ ಅದೂ ಸರಿಬರಲಿಲ್ಲ. “ಇಪ್ಪತ್ನಾಲ್ಕು ತುಂಬ್ಯಾವ, ನಿನ್ನ ಮದುವಿ ಬಿಟ್ಟು ಬೂಷ್ಟಿನ ಮದುವಿ ನೋಡಾಕ ಅಮೇರಿಕಾಕ್ಕ ಹೋಗೀಯೇನ?” ಅಂದರು. ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮೂರು ಗೋಕಾಕ ತಾಲ್ಲೂಕಿನಲ್ಲಿ, ಘಟಪ್ರಭಾ ಕಾಲುವೆ ನೀರು ಮುಟ್ಟುವ ಕಡೆ. ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಇಲ್ಲಿ ಮಿನೆಸೋಟಾಕ್ಕೆ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ಗೆ ಬಂದೆ. ಸೇಂಟ್ ಪಾಲ್ ಕ್ಯಾಂಪಸ್ಸಿನ ಸಸ್ಯರೋಗ ಲ್ಯಾಬಿನಲ್ಲಿ ಗೋಧಿ ಎಲೆಗಳ ಫೋಟೋ ವಿಂಗಡಿಸುವ ಪ್ರೋಗ್ರಾಮ್ ಬರೆಯುವವರು ಬೇಕಾಗಿದ್ದರು. ವಾರಕ್ಕೆ ಇಪ್ಪತ್ತು ಗಂಟೆ ಕೆಲಸ, ಫೀ ಮಾಫಿ. ಗೋಧಿ ಮೇಲಿನ ಪ್ರೀತಿಯಿಂದಲ್ಲ, ಎಜುಕೇಶನ್ ಲೋನಿನ ಹೆದರಿಕೆಯಿಂದ ಸೇರಿಕೊಂಡೆ.

ಮೊದಲ ವಾರ ಕಲಿಸಿದ್ದು ಅಂಕ ಕೊಡುವ ಕ್ರಮ. ಎಳೆಯ ಗೋಧಿ ಸಸಿಗೆ ತುಕ್ಕು ರೋಗದ ಬೀಜಕ ಸಿಂಪಡಿಸಿ, ಎರಡು ವಾರ ಕಳೆದು ಎಲೆ ನೋಡಬೇಕು. ದೊಡ್ಡ ಕೆಂಪು ಗುಳ್ಳೆ ಎದ್ದಿದ್ದರೆ 4, ಸಣ್ಣದಿದ್ದರೆ 1 ಅಥವಾ 2. ಏನೂ ಇಲ್ಲದಿದ್ದರೆ ಸೊನ್ನೆ. ಗುಳ್ಳೆಯಿಲ್ಲ, ಆದರೆ ಸೂಜಿ ಚುಚ್ಚಿದಂತೆ ಬಿಳಿಚುಕ್ಕೆ ಇದೆ ಅಂದರೆ ಸೆಮಿಕೋಲನ್. ನಿಜವಾಗಿಯೂ ಸೆಮಿಕೋಲನ್ ಚಿಹ್ನೆಯನ್ನೇ ಹಾಕುತ್ತಾರೆ! ಶಿಲೀಂಧ್ರ ಒಳಗೆ ಕಾಲಿಟ್ಟ ಜಾಗದಲ್ಲಿ ಗಿಡ ತನ್ನ ಜೀವಕೋಶಗಳನ್ನು ತಾನೇ ಸಾಯಿಸಿ ದಾರಿ ಮುಚ್ಚಿದೆ ಅಂತ ಅದರ ಅರ್ಥ. ನಾಲ್ಕು ವರ್ಷ ಸೆಮಿಕೋಲನ್ ಮರೆತು ಕಂಪೈಲರ್‌ನಿಂದ ಬೈಸಿಕೊಂಡವಳಿಗೆ, ಅದೇ ಚಿಹ್ನೆ ಕಂಡರೆ ಗಿಡ ಗೆದ್ದಿತು ಅಂತ ಲೆಕ್ಕ.

ತುಕ್ಕು ರೋಗ ಅನ್ನುವುದು ಕೃಷಿ ಇಲಾಖೆಯ ಮಾತು. ನಮ್ಮ ಕಡೆ ಭಂಡಾರ ರೋಗ ಅಂತಾರೆ. ರೋಗ ಬಿದ್ದ ಹೊಲದಲ್ಲಿ ಒಂದು ಸಾಲು ನಡೆದು ಬಂದರೆ ಸಾಕು, ಸೀರೆಯ ಅಂಚು, ಧೋತರ, ಕೈ ಎಲ್ಲ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಹಾಗೆ ಪುಡಿ ಮೆತ್ತಿಕೊಳ್ಳುತ್ತವೆ. ಆ ಪುಡಿಯ ಒಂದೊಂದು ಕಣವೂ ಒಂದು ಬೀಜಕ. ಗೋಧಿಗೆ ಬರುವ ತುಕ್ಕು ಮೂರು ಬಗೆ: ಎಲೆಗೆ ಬರುವ ಕಂದು ತುಕ್ಕು, ಪಟ್ಟೆಪಟ್ಟೆಯಾಗಿ ಬರುವ ಹಳದಿ ತುಕ್ಕು, ಕಾಂಡಕ್ಕೆ ಬರುವ ಕಪ್ಪು ತುಕ್ಕು. ಹಳದಿಯದು ತಂಪು ಹವೆಯದು, ನಮ್ಮ ಬಿಸಿಲಿಗೆ ಬಾಳುವುದಿಲ್ಲ. ಮೂರರಲ್ಲಿ ಭಯಂಕರ ಕಪ್ಪು ತುಕ್ಕು. ಕಾಂಡದ ಸಿಪ್ಪೆಯನ್ನೇ ಸೀಳಿ ಬರುವುದರಿಂದ ತೆನೆ ತುಂಬುವ ಮೊದಲೇ ಬೆಳೆ ಮಲಗಿಬಿಡುತ್ತದೆ. ನಾನು ಇಲ್ಲಿ ಬರೆಯುವುದು ಅದರ ಕಥೆ.

ಗೋಧಿಯ ಮೇಲೆ ಇದಕ್ಕೆ ಮದುವೆಯ ಗೊಡವೆಯೇ ಇಲ್ಲ. ಕೆಂಪು ಬೀಜಕ ಎಲೆಯ ಮೇಲೆ ಬೀಳುತ್ತದೆ, ಇಬ್ಬನಿಯಲ್ಲಿ ಮೊಳೆಯುತ್ತದೆ, ಒಂದೆರಡು ವಾರದಲ್ಲಿ ಗುಳ್ಳೆಯಾಗಿ ಮತ್ತೆ ಸಾವಿರಾರು ಕೆಂಪು ಬೀಜಕ. ಎಲ್ಲವೂ ತಾಯಿಯ ಝೆರಾಕ್ಸ್. ಗಾಳಿ ಸಿಕ್ಕರೆ ಸಾವಿರಾರು ಕಿಲೋಮೀಟರ್ ಹೋಗುತ್ತವೆ. ಈ ಕ್ಯಾಂಪಸ್ಸಿನಲ್ಲಿ ತುಕ್ಕು ಸಂಶೋಧನೆಗೆ ಹೆಸರು ತಂದ ಎಲ್ವಿನ್ ಸ್ಟಾಕ್‌ಮನ್ 1921ರಲ್ಲಿ ವಿಮಾನದಿಂದ ಗ್ರೀಸ್ ಹಚ್ಚಿದ ಗಾಜಿನ ಪಟ್ಟಿ ಹೊರಗೆ ಹಿಡಿಸಿ, ಆಕಾಶದಲ್ಲಿ ತೇಲುತ್ತಿದ್ದ ಬೀಜಕಗಳನ್ನು ಹಿಡಿದಿದ್ದರು. ಅಂಟು ಹಚ್ಚಿ ನೊಣ ಹಿಡಿದ ಹಾಗೆ! ಹಸಿರುಕ್ರಾಂತಿಯ ನಾರ್ಮನ್ ಬೋರ್ಲಾಗ್ ಅರಣ್ಯಶಾಸ್ತ್ರ ಬಿಟ್ಟು ಸಸ್ಯರೋಗದ ಕಡೆ ತಿರುಗಿದ್ದು ಇದೇ ಸ್ಟಾಕ್‌ಮನ್ನರ ತುಕ್ಕಿನ ಭಾಷಣ ಕೇಳಿ. ಇಬ್ಬರ ಹೆಸರಿನ ಕಟ್ಟಡಗಳೂ ಇಲ್ಲಿವೆ. ಅವುಗಳ ಮುಂದೆಯೇ ನಾನು ಬಸ್ಸಿಗೆ ಓಡುವುದು.

ಬೆಳೆ ಒಣಗುವ ಹೊತ್ತಿಗೆ ಕಥೆ ಬದಲಾಗುತ್ತದೆ. ಕೆಂಪು ಪುಡಿಯ ಜಾಗದಲ್ಲಿ ಕಪ್ಪು ಬೀಜಕ ಹುಟ್ಟುತ್ತವೆ. ಕಪ್ಪು ತುಕ್ಕು ಅನ್ನುವ ಹೆಸರು ಬಂದದ್ದು ಇದರಿಂದ. ಇವು ದಪ್ಪ ಗೋಡೆಯವು, ಹಾರುವುದಿಲ್ಲ. ಹುಲ್ಲಿಗೆ ಅಂಟಿಕೊಂಡು ಮೈನಸ್ ಮೂವತ್ತರ ಚಳಿಯನ್ನೂ ಕಳೆಯುತ್ತವೆ. ಅಲ್ಲಿಯವರೆಗೆ ಈ ಶಿಲೀಂಧ್ರದ ಪ್ರತಿ ಜೀವಕೋಶದಲ್ಲೂ ಎರಡೆರಡು ನ್ಯೂಕ್ಲಿಯಸ್ ಇರುತ್ತವೆ. ಒಂದೇ ಮನೆ, ಬೇರೆ ಬೇರೆ ಖೋಲಿ. ಸಂಸಾರ ಮಾಡುತ್ತವೆ, ಬೆರೆಯುವುದಿಲ್ಲ. ಕಪ್ಪು ಬೀಜಕದೊಳಗೆ ಮಾತ್ರ ಅವೆರಡೂ ಒಂದಾಗುತ್ತವೆ. ವಸಂತದಲ್ಲಿ ಅದು ಮೊಳೆಯುವಾಗ ಜೀನುಗಳೆಲ್ಲ ಇಸ್ಪೀಟಿನೆಲೆಯಂತೆ ಕಲೆಸಿ, ಒಂಟಿ ನ್ಯೂಕ್ಲಿಯಸ್ಸಿನ ಸಣ್ಣ ಬೀಜಕಗಳಾಗಿ ಹೊರಬರುತ್ತವೆ.

ಈ ಹೊಸ ಬೀಜಕಗಳು ಗೋಧಿಯ ಮೇಲೆ ಬೆಳೆಯಲಾರವು. ಹುಟ್ಟಿದ ಮನೆ ಇವಕ್ಕೆ ನಿಷಿದ್ಧ. ಇವು ಹೋಗಬೇಕಾದದ್ದು ಗೋಧಿಗೂ ತನಗೂ ಯಾವ ಸಂಬಂಧವೂ ಇಲ್ಲದ ಬಾರ್ಬೆರಿ ಎಂಬ ಮುಳ್ಳುಪೊದೆಗೆ. ಹಿಮಾಲಯದ ಕಡೆ ಇದರ ಜಾತಿಯ ಗಿಡಗಳಿವೆ, ಆಯುರ್ವೇದದಲ್ಲಿ ದಾರುಹರಿದ್ರ ಅಂತಾರೆ. ಕನ್ನಡದಲ್ಲಿ ಮರದರಿಶಿನ. (ಆ ಹೆಸರನ್ನು ಪಶ್ಚಿಮ ಘಟ್ಟದ ಇನ್ನೊಂದು ಬಳ್ಳಿಗೂ ಕೊಟ್ಟಿದ್ದೇವೆ, ಅದು ಬೇರೆ.) ಸಿಪ್ಪೆ ಕೆರೆದರೆ ಒಳಗೆ ಅರಿಶಿನದ ಬಣ್ಣ. ಭಂಡಾರ ರೋಗಕ್ಕೆ ಬೀಗರ ಮನೆ ಮರದರಿಶಿನ! ಹೊಂದಿಸಿ ಹೇಳಿದ್ದಲ್ಲ, ನಿಘಂಟಿನಲ್ಲಿ ಸಿಕ್ಕಾಗ ನಾನೂ ಒಬ್ಬಳೇ ನಕ್ಕೆ.

ಬಾರ್ಬೆರಿಯ ಎಳೆ ಎಲೆಯ ಮೇಲ್ಭಾಗದಲ್ಲಿ ಕಿತ್ತಳೆ ಚುಕ್ಕೆ ಏಳುತ್ತವೆ, ಒಂದೊಂದರಿಂದ ಸಿಹಿರಸ ಒಸರುತ್ತದೆ. ಈ ಚುಕ್ಕೆಗಳು ಯಾಕಿವೆ ಅಂತ ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. ಜರ್ಮನಿಯ ಆಂಟನ್ ಡಿ ಬಾರಿ 1865ರಲ್ಲೇ ಗೋಧಿಯ ತುಕ್ಕೂ ಬಾರ್ಬೆರಿಯ ತುಕ್ಕೂ ಒಂದೇ ಜೀವಿ ಅಂತ ತೋರಿಸಿದ್ದರು, ಆದರೂ ಈ ಚುಕ್ಕೆಯ ಕೆಲಸ ಬಿಡಿಸಲಾಗಿರಲಿಲ್ಲ. 1927ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಜಾನ್ ಕ್ರೇಗಿ ಬಿಡಿಸಿದರು. ಒಂದೇ ಬೀಜಕದಿಂದ ಹುಟ್ಟಿದ ಚುಕ್ಕೆಯನ್ನು ಒಂಟಿಯಾಗಿ ಬಿಟ್ಟರೆ ಅದು ಹಾಗೇ ಬಾಡುತ್ತದೆ. ಒಂದು ಚುಕ್ಕೆಯ ರಸ ತೆಗೆದು ಇನ್ನೊಂದರ ಮೇಲೆ ಹಚ್ಚಿದರೆ, ಕೆಲವೇ ದಿನದಲ್ಲಿ ಎಲೆಯ ಕೆಳಭಾಗದಲ್ಲಿ ಗೊಂಚಲು ಗೊಂಚಲಾಗಿ ಬಟ್ಟಲುಗಳು ಮೂಡುತ್ತವೆ. ಆದರೆ ಎಲ್ಲ ಜೋಡಿಯಲ್ಲೂ ಅಲ್ಲ, ಸುಮಾರು ಅರ್ಧದಲ್ಲಿ ಮಾತ್ರ. ಅಂದರೆ ಈ ಚುಕ್ಕೆಗಳಲ್ಲಿ ಪ್ಲಸ್, ಮೈನಸ್ ಅಂತ ಎರಡು ಪಂಗಡ. ಪ್ರತಿ ಚುಕ್ಕೆಯಲ್ಲೂ ಗಂಡಿನ ಕೆಲಸದ ಕಣವೂ ಇದೆ, ಹೆಣ್ಣಿನ ಕೆಲಸದ ಎಳೆಯೂ ಇದೆ, ಆದರೂ ತನ್ನದು ತನಗೆ ಆಗುವುದಿಲ್ಲ. ನಮ್ಮ ಕಡೆ ಒಂದೇ ಬೆಡಗಿನವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲವಲ್ಲ, ಅದೇ ಕಾಯ್ದೆ. ಸಿಹಿಗೆ ಬರುವ ನೊಣಗಳೇ ದಲ್ಲಾಳಿಗಳು. ಬಟ್ಟಲಿನಿಂದ ಹೊರಡುವ ಬೀಜಕದಲ್ಲಿ ಮತ್ತೆ ಎರಡು ನ್ಯೂಕ್ಲಿಯಸ್, ಅದು ಮತ್ತೆ ಗೋಧಿಗೆ. ಬಾರ್ಬೆರಿಗೆ ವಾಪಸ್ ಬರುವ ಹಾಗಿಲ್ಲ.

ಇಷ್ಟು ಓದಿದಾಗ ನನ್ನೊಳಗಿನ ಇಂಜಿನಿಯರ್‌ಗೆ ಅನ್ನಿಸಿದ್ದು, ಇದೇನು ಓವರ್ ಇಂಜಿನಿಯರಿಂಗ್! ಐದು ಬಗೆಯ ಬೀಜಕ, ಎರಡು ಮನೆ, ನೊಣದ ಮರ್ಜಿ. ಝೆರಾಕ್ಸ್ ಅಷ್ಟು ಚೆನ್ನಾಗಿ ನಡೆಯುತ್ತಿರುವಾಗ ಯಾಕೆ ಬೇಕು ಇಷ್ಟು ತಾಪತ್ರಯ?

ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಗೋಧಿಯ ಒಳಗಿದೆ. ಒಂದೊಂದು ಗೋಧಿ ತಳಿಯಲ್ಲೂ ತುಕ್ಕನ್ನು ಗುರುತು ಹಿಡಿಯುವ ಜೀನುಗಳಿವೆ, ಬಾಗಿಲಿಗೆ ಬೀಗ ಇದ್ದ ಹಾಗೆ. ತುಕ್ಕಿನ ಒಂದು ವಂಶಕ್ಕೆ ಮೊದಲ ಬೀಗ ತೆಗೆಯಲು ಬರುತ್ತದೆ, ಇನ್ನೊಂದಕ್ಕೆ ಎರಡನೆಯದು. ಎರಡೂ ಬೀಗ ಇರುವ ತಳಿಯ ಮುಂದೆ ಎರಡೂ ಸೋಲುತ್ತವೆ. ಝೆರಾಕ್ಸಿನಿಂದ ಮಾತ್ರ ಬದುಕಿದರೆ ಒಂದೇ ವಂಶಕ್ಕೆ ಎರಡೂ ವಿದ್ಯೆ ಬರಲು ಅಕಸ್ಮಾತ್ ತಪ್ಪುಗಳಿಗಾಗಿ ಕಾಯಬೇಕು. ಬಾರ್ಬೆರಿಯ ಮೇಲೆ ಅವುಗಳ ಸಂಬಂಧ ಬೆಳೆದರೆ ಮಕ್ಕಳು, ಮೊಮ್ಮಕ್ಕಳಲ್ಲಿ ಯಾವುದೋ ಒಂದಕ್ಕೆ ಎರಡೂ ಒಟ್ಟಿಗೆ ಬಂದುಬಿಡುತ್ತವೆ. ತಳಿ ಸಂಶೋಧಕರು ಹತ್ತು ಹನ್ನೆರಡು ವರ್ಷ ಕಷ್ಟಪಟ್ಟು ತಂದ ಗೋಧಿ ಒಂದು ಪೊದೆಯ ನೆರಳಿನಲ್ಲಿ ಸೋಲಬಹುದು.

ಇದನ್ನು ಕಣ್ಣಾರೆ ತೋರಿಸಿದವರಲ್ಲಿ ನನಗೆ ಇಷ್ಟವಾದವರು ಮಾರ್ಗರೆಟ್ ನ್ಯೂಟನ್. ಕೆನಡಾದವರು, 1922ರಲ್ಲಿ ಇದೇ ಮಿನೆಸೋಟಾದಲ್ಲಿ ಪಿಎಚ್‌ಡಿ ಪಡೆದರು. ಕೃಷಿ ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಕೆನಡಾದ ಹೆಂಗಸು. ಕ್ರೇಗಿಯವರ ಶೋಧ ಬಂದ ಮೇಲೆ ವಿನ್ನಿಪೆಗ್‌ನಲ್ಲಿ ಸಹೋದ್ಯೋಗಿ ಥಾರ್ವಾಲ್ಡುರ್ ಜಾನ್ಸನ್ ಜೊತೆ ಸೇರಿ ತುಕ್ಕಿನ ಬೇರೆ ಬೇರೆ ವಂಶಗಳನ್ನು ಬಾರ್ಬೆರಿಯ ಮೇಲೆ ಬೆರೆಸಿ, ಹುಟ್ಟುವ ಹೊಸ ವಂಶಗಳ ಗುಣ ದಾಖಲಿಸಿದರು. ವರ್ಷಗಟ್ಟಲೆ ಬೀಜಕದ ಪುಡಿ ಉಸಿರಾಡಿ ಶ್ವಾಸಕೋಶ ಕೆಟ್ಟು, 1945ರಲ್ಲಿ ಅವಧಿಗೆ ಮುನ್ನವೇ ನಿವೃತ್ತಿಯಾಗಬೇಕಾಯಿತು. ನಾನು ಏಸಿ ರೂಮಿನಲ್ಲಿ ಕೂತು ನೋಡುವ ಒಂದೊಂದು ಅಂಕಿಯ ಹಿಂದೆ ಹೀಗೊಬ್ಬರು ಕೆಮ್ಮಿದ್ದಾರೆ.

ರೈತರಿಗೆ ಮಾತ್ರ ಇದೆಲ್ಲ ವಿಜ್ಞಾನಕ್ಕಿಂತ ಮೊದಲೇ ಗೊತ್ತಿತ್ತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಾರ್ಬೆರಿ ಕೀಳಲು 1726ರಲ್ಲೇ ಕಾನೂನಾಗಿತ್ತು. ಶಿಲೀಂಧ್ರ ರೋಗ ತರುತ್ತದೆ ಅನ್ನುವುದೇ ಗೊತ್ತಿಲ್ಲದ ಕಾಲ. ಪೊದೆಯ ಪಕ್ಕದ ಗೋಧಿ ಕೆಡುತ್ತದೆ ಅನ್ನುವುದನ್ನು ಕಣ್ಣು ಕಂಡಿತ್ತು, ಅಷ್ಟೆ. 1916ರಲ್ಲಿ ಇಲ್ಲಿನ ಗೋಧಿ ರಾಜ್ಯಗಳಿಗೆ ಕಪ್ಪು ತುಕ್ಕು ಅಪ್ಪಳಿಸಿತು. ಮೊದಲ ಮಹಾಯುದ್ಧದ ಕಾಲ, ಒಂದೊಂದು ಕಾಳಿಗೂ ಲೆಕ್ಕ. 1918ರಿಂದ ಸರ್ಕಾರವೇ ಬಾರ್ಬೆರಿ ನಿರ್ಮೂಲನೆಗೆ ಇಳಿಯಿತು. ಮನೆ ಮನೆಗೆ ಹೋಗಿ ಪೊದೆ ಅಗೆದರು, ಬುಡಕ್ಕೆ ಉಪ್ಪು ಸುರಿದರು, ಶಾಲೆಯ ಮಕ್ಕಳಿಗೆ ಪೊದೆ ಹುಡುಕಿಕೊಟ್ಟರೆ ಪದಕ ಕೊಟ್ಟರು. ಕೋಟಿಗಟ್ಟಲೆ ಗಿಡ ಹೋದವು.

ತುಕ್ಕು ಪೂರ್ತಿ ಹೋಗಲಿಲ್ಲ. ಇಲ್ಲಿನ ಚಳಿಯಲ್ಲಿ ಕೆಂಪು ಬೀಜಕ ಉಳಿಯದಿದ್ದರೂ ದಕ್ಷಿಣದ ಬೆಚ್ಚನೆ ರಾಜ್ಯಗಳಿಂದ ಗಾಳಿಯಲ್ಲಿ ಪ್ರತಿವರ್ಷ ಬರುತ್ತವೆ. ಆದರೆ ಬರುವುದು ತಡ, ಬರುವುದು ಝೆರಾಕ್ಸ್ ಪ್ರತಿಗಳು. ಇದರ ಫಲ ಲೆಕ್ಕದಲ್ಲಿ ಕಾಣುತ್ತದೆ. ಬಾರ್ಬೆರಿ ಉಳಿದಿದ್ದ ವಾಯವ್ಯ ರಾಜ್ಯಗಳ ತುಕ್ಕಿಗೂ ಪೊದೆ ಕಿತ್ತ ಮಧ್ಯಭಾಗದ ತುಕ್ಕಿಗೂ ವೈವಿಧ್ಯದಲ್ಲಿ ಅಜಗಜಾಂತರ. ಅಲ್ಲಿ ಒಂದು ಜಾತ್ರೆ, ಇಲ್ಲಿ ಕೆಲವೇ ಕುಟುಂಬಗಳು. ಕೆಲವೇ ಅಂದರೆ ಸಾಧು ಅಂತಲ್ಲ. 15ಬಿ ಎಂಬ ಒಂದೇ ವಂಶ 1950ರ ದಶಕದ ಮೊದಲ ಭಾಗದಲ್ಲಿ ಉತ್ತರದ ಗೋಧಿಯನ್ನು, ಅದರಲ್ಲೂ ಪಾಸ್ತಾ ಮಾಡುವ ಡ್ಯೂರಂ ಗೋಧಿಯನ್ನು ನೆಲಸಮ ಮಾಡಿತು. ಅದು ಮೊದಲು ಕಂಡದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ಬಾರ್ಬೆರಿಯ ಹತ್ತಿರ.

ಹಳದಿ ತುಕ್ಕಿನ ಬೀಗರ ಮನೆ ಎಲ್ಲಿ ಅಂತ ಮಾತ್ರ ನೂರು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ. ಸಿಕ್ಕಿದ್ದು 2010ರಲ್ಲಿ, ಇದೇ ಸೇಂಟ್ ಪಾಲ್‌ನ ಸಂಶೋಧಕರಿಗೆ. ಅದೂ ಬಾರ್ಬೆರಿಯೇ! ಇದು ತಿಳಿಯುವ ಹೊತ್ತಿಗೆ ಯುರೋಪಿನಲ್ಲಿ ಹಳೆಯ ಭಯ ಮರೆತಿತ್ತು. ಸ್ವೀಡನ್ 1994ರಲ್ಲಿ ಬಾರ್ಬೆರಿ ಕೀಳುವ ಕಾನೂನು ತೆಗೆದುಹಾಕಿತು, ಈಗ ಅಲ್ಲಿ ಕಪ್ಪು ತುಕ್ಕು ಮತ್ತೆ ಮದುವೆ ಮಾಡಿಕೊಳ್ಳುತ್ತಿದೆ. ಇಂಗ್ಲೆಂಡಿನಲ್ಲಿ ಬಾರ್ಬೆರಿಯನ್ನೇ ನಂಬಿದ ಒಂದು ಅಪರೂಪದ ಪತಂಗ ಉಳಿಸಲು ಜನ ಪೊದೆ ನೆಡುತ್ತಿದ್ದಾರೆ. ಪತಂಗದವರದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಗೋಧಿ ಹೊಲದಿಂದ ದೂರ ನೆಡಿ ಅನ್ನಬಹುದು, ಅಷ್ಟೆ.

ಇನ್ನು ಯುಜಿ99. ಉಗಾಂಡಾದಲ್ಲಿ 1998ರಲ್ಲಿ ಸಿಕ್ಕಿ ಮರುವರ್ಷ ಹೆಸರಾದ ಈ ವಂಶ, ಜಗತ್ತಿನ ಎಷ್ಟೋ ಗೋಧಿಗಳು ನಂಬಿದ್ದ ಎಸ್‌ಆರ್31 ಎಂಬ ಬೀಗವನ್ನು ಮುರಿಯಿತು. ಕೀನ್ಯಾ, ಇಥಿಯೋಪಿಯಾ, ಯೆಮೆನ್ ದಾಟಿ 2007ರಲ್ಲಿ ಇರಾನಿನಲ್ಲಿ ಕಂಡಿತು. ನಮ್ಮಲ್ಲಿ ಇಂಥ ಹೊರದೇಶದ ತುಕ್ಕಿನ ಪರೀಕ್ಷೆಯನ್ನು ಬಿಗಿ ಕಾವಲಿನ ಕಟ್ಟಡದಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಮಾತ್ರ ಮಾಡುತ್ತಾರೆ. ತಪ್ಪಿಸಿಕೊಂಡರೂ ಹೊರಗಿನ ಹಿಮದಲ್ಲಿ ಸಾಯಲಿ ಅಂತ. ಎಲ್ಲರೂ ಬೈಯುವ ಮಿನೆಸೋಟಾ ಚಳಿಗೆ ಇಂಥ ಒಂದು ಉಪಯೋಗವೂ ಇದೆ. ನಾನು ಆ ಕಟ್ಟಡದೊಳಗೆ ಹೋಗುವುದಿಲ್ಲ, ಫೋಟೋ ಮಾತ್ರ ನನಗೆ ಬರುತ್ತವೆ.

ಯುಜಿ99ಗೆ ಅಪ್ಪ ಅವ್ವ ಯಾರು ಅನ್ನುವ ಪ್ರಶ್ನೆಗೆ 2019ರಲ್ಲಿ ಉತ್ತರ ಸಿಕ್ಕಿತು. ಎರಡು ನ್ಯೂಕ್ಲಿಯಸ್‌ಗಳ ಜೀನೋಮನ್ನು ಬೇರೆ ಬೇರೆಯಾಗಿ ಓದಿದಾಗ, ಒಂದು ನ್ಯೂಕ್ಲಿಯಸ್ ಆಸ್ಟ್ರೇಲಿಯಾದಲ್ಲಿ 1954ರಿಂದ ಗೊತ್ತಿದ್ದ ಹಳೆಯ ವಂಶದ ಒಂದು ನ್ಯೂಕ್ಲಿಯಸ್ಸಿನ ತದ್ರೂಪು. ಕಲೆಸಿದ್ದೇ ಇಲ್ಲ! ಅಂದರೆ ಮದುವೆಯಲ್ಲಿ ಆದದ್ದಲ್ಲ. ಎರಡು ತುಕ್ಕುಗಳ ಎಳೆಗಳು ಒಂದೇ ಗಿಡದಲ್ಲಿ ತಾಕಿ, ಇಡೀ ನ್ಯೂಕ್ಲಿಯಸ್ಸನ್ನೇ ಅದಲುಬದಲು ಮಾಡಿಕೊಂಡಿವೆ. ಬಾರ್ಬೆರಿ ಕಿತ್ತರೆ ಹೊಸ ಜೋಡಣೆ ನಿಲ್ಲುತ್ತದೆ ಅಂತ ನಂಬಿದ್ದವರಿಗೆ ಇದು ಒಳ್ಳೆಯ ಸುದ್ದಿಯಲ್ಲ. ನನ್ನಂಥ ಕೋಡ್ ಬರೆಯುವವರಿಗೆ ಮಾತ್ರ ಇದರಿಂದ ಕೆಲಸ ಇದೆ: ಕಲೆಸಿದ ಎಲೆ ಯಾವುದು, ಕಟ್ಟು ಸಮೇತ ಬಂದದ್ದು ಯಾವುದು ಅಂತ ಹೇಳಬಲ್ಲದ್ದು ಕಂಪ್ಯೂಟರೇ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಕೇಳಿ, “ಆ ಮುಳ್ಳಕಂಟಿ ನಮ್ಮ ಕಡೆ ಎಲ್ಲೈತವಾ? ಆದ್ರೂ ಭಂಡಾರ ಬರತೈತಲ್ಲ?” ಅಂದರು. ಪ್ರೊಫೆಸರು ಕೇಳುವಂಥ ಪ್ರಶ್ನೆ. ಇದನ್ನು ಬಿಡಿಸಿದವರು ಆಗ್ರಾದ ಕೆ.ಸಿ. ಮೆಹ್ತಾ. ಭಾರತದಲ್ಲಿ ಬಾರ್ಬೆರಿ ಇದ್ದರೂ ಬಯಲಿನ ಗೋಧಿಯ ತುಕ್ಕಿಗೆ ಅದು ಕಾರಣವಲ್ಲ ಅಂತ ವರ್ಷಗಟ್ಟಲೆ ಓಡಾಡಿ ತೋರಿಸಿದರು. ಇಲ್ಲಿ ಚಳಿ ಕೊಲ್ಲುವ ಕೆಂಪು ಬೀಜಕವನ್ನು ನಮ್ಮಲ್ಲಿ ಬೇಸಿಗೆ ಕೊಲ್ಲುತ್ತದೆ. ತಂಪಾದ ಬೆಟ್ಟಗಳಲ್ಲಿ, ನಮ್ಮ ಪಾಲಿಗೆ ಮುಖ್ಯವಾಗಿ ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಉಳಿದು, ಹಿಂಗಾರಿನಲ್ಲಿ ಗಾಳಿ ಮಳೆಯ ಜೊತೆ ಬಯಲಿಗೆ ಇಳಿಯುತ್ತದೆ. “ಅಂದ್ರ ನಮ್ಮದಕ್ಕ ಮದುವಿ ಇಲ್ಲ, ಬರೇ ಬೆಟ್ಟದಾಗ ಬ್ಯಾಸಗಿ ರಜಾ” ಅಂದರು ಅಪ್ಪ.

ಹಾಗೆ ಮಾತಾಡುತ್ತಲೇ ಅವರು ಹೇಳಿದ್ದು, ಈ ವರ್ಷ ಜವೆ ಗೋಧಿ ಬಿತ್ತುವುದಿಲ್ಲ, ಆ ಎರಡು ಎಕರೆಗೂ ಕಬ್ಬು ಹಾಕುತ್ತೇನೆ ಅಂತ.

ಜವೆ ಅಂದರೆ ಗೊತ್ತಿಲ್ಲದವರಿಗೆ: ಸಿಪ್ಪೆ ಬಿಡದ, ಕುಟ್ಟಿಸಬೇಕಾದ ಹಳೆಯ ಕಾಲದ ಗೋಧಿ. ಹುಗ್ಗಿ, ಮಾದಲಿ, ಶಾವಿಗೆ ಮಾಡಬೇಕಾದರೆ ಅದರದ್ದೇ. ಮಹಾರಾಷ್ಟ್ರದವರು ಖಪ್ಲಿ ಅಂತಾರೆ. ಅಜ್ಜನ ಕಾಲದಿಂದ ಮನೆಯಲ್ಲೇ ಬೀಜ ಹಿಡಿಯುತ್ತಾ ಬಂದಿದ್ದೇವೆ. ಕುಟ್ಟಿಸುವ ಕೂಲಿ ಜಾಸ್ತಿ, ಇಳುವರಿ ಕಡಿಮೆ. ಪುಣೆಯಲ್ಲಿ ಶುಗರಿನವರು ಒಳ್ಳೆಯ ರೇಟಿಗೆ ಕೊಳ್ಳುತ್ತಾರೆ, ಆ ರೇಟು ನಮ್ಮೂರಿನ ತನಕ ಬರುವುದಿಲ್ಲ. ಅಪ್ಪನ ಲೆಕ್ಕದಲ್ಲಿ ತಪ್ಪೇನಿಲ್ಲ. ನನ್ನ ಲೋನಿನ ಬಡ್ಡಿಯೂ ಆ ಲೆಕ್ಕದಲ್ಲಿದೆ.

ಆ ತಿಂಗಳು ಲ್ಯಾಬಿನಲ್ಲಿ ನನಗೆ ಕೊಟ್ಟಿದ್ದ ಕೆಲಸ ಸ್ಟಾಕ್‌ಮನ್ ಮತ್ತು ಲೆವಿನ್ 1922ರಲ್ಲಿ ಪ್ರಕಟಿಸಿದ ಹಳೆಯ ಕೋಷ್ಟಕಗಳನ್ನು ಸ್ಕ್ಯಾನಿನಿಂದ ಡೇಟಾ ಮಾಡುವುದು. ತುಕ್ಕಿನ ವಂಶ ಗುರುತಿಸಲು ಅವರು ಹನ್ನೆರಡು ಗೋಧಿಗಳನ್ನು ಆರಿಸಿದ್ದರು. ಯಾವುದರ ಮೇಲೆ ಗುಳ್ಳೆ ಏಳುತ್ತದೆ, ಯಾವುದರ ಮೇಲೆ ಇಲ್ಲ ಎಂಬುದೇ ವಂಶದ ಬೆರಳಚ್ಚು. ಸಾಲಿನ ಕೊನೆಗೆ ಬಂದು ನಿಂತೆ. ಹನ್ನೆರಡನೆಯ ಹೆಸರು ಖಪ್ಲಿ. ಉಳಿದ ಹೆಸರುಗಳ ಕೆಳಗೆ 4, 4, 3, 4 ಅಂತ ಇದ್ದರೆ ಖಪ್ಲಿಯ ಕೆಳಗೆ ಬಹುತೇಕ 1. ನೂರು ವರ್ಷದ ಹಿಂದೆ, ಸೇಂಟ್ ಪಾಲ್‌ನಲ್ಲಿ, ಬಂದ ಬಂದ ತುಕ್ಕನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿದ್ದು ನಾವು ಸೀಗೆ ಹುಣ್ಣಿಮೆಗೆ ಹುಗ್ಗಿ ಮಾಡುವ ಗೋಧಿಯ ಜಾತಿ! ಅದರಲ್ಲಿರುವ ಎಸ್‌ಆರ್13 ಎಂಬ ಜೀನು ಯುಜಿ99 ಗುಂಪಿಗೂ ಜಗ್ಗುವುದಿಲ್ಲ. 2017ರಲ್ಲಿ ಆ ಜೀನನ್ನು ಬೇರ್ಪಡಿಸಿ ಓದಿದರು. ಬೆಚ್ಚಗಿದ್ದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದಂತೆ, ನಮ್ಮ ಬಿಸಿಲು ಕುಡಿದ ಗೋಧಿ ಅಲ್ಲವೇ.

ಫೋಟೋ ತೆಗೆದು ಮನೆ ಗುಂಪಿಗೆ ಹಾಕಿದೆ. ತಮ್ಮ ಒಂದು ಹೆಬ್ಬೆರಳು ಒತ್ತಿದ. ಅಪ್ಪ ಮರುದಿನ ಫೋನ್ ಮಾಡಿದರು.

“ಅದು ಅಲ್ಲಿ ಬೀಜದ ಡಬ್ಬಿಯೊಳಗ ಐತೆಲ್ಲ, ಹಂಗಾದ್ರ ನಾ ಯಾಕ ಇಡಬೇಕ?”

“ಇಲ್ಲಿರೂದು ಒಂದ ಸಾಲಿನದು ಅಪ್ಪಾ. ನೂರು ವರ್ಷದ ಹಿಂದ ಒಯ್ದದ್ದು. ನಮ್ಮ ಚೀಲದಾಗ ಏನೇನೈತಿ ಅಂತ ಯಾರೂ ನೋಡೇ ಇಲ್ಲ. ತುಕ್ಕು ಸುಮ್ಮನ ಕುಂಡ್ರೂದಿಲ್ಲ, ಒಂದ ಬೀಗದ ಮ್ಯಾಲ ಎಷ್ಟ ದಿನ ಭರವಸಾ ಇಡೂದು?”

“ಧಾರವಾಡದವರು ಹೊಸಾ ಜವೆ ತಗದಾರಲ್ಲ, ಗಿಡ್ಡದ್ದು.”

ತೆಗೆದಿದ್ದಾರೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ ತಳಿಗಳು ಗಿಡ್ಡ, ಗಾಳಿಗೆ ಮಲಗುವುದಿಲ್ಲ, ಇಳುವರಿಯೂ ಮೇಲು. ಅದನ್ನು ಬಿತ್ತಿದರೂ ನನಗೆ ಸಂತೋಷವೇ ಅಂದೆ. ಆದರೆ ಹಳೆಯದರಲ್ಲಿ ಒಂದು ಚೀಲವನ್ನು ಧಾರವಾಡಕ್ಕೆ ಕೊಡು, ಒಂದನ್ನು ಬಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಹೇಳೂದು ಖರೆ ಇರಬೇಕು, ಆದ್ರ ಖರೇದಕ್ಕ ಮಾರ್ಕೆಟ್ಟಿನ್ಯಾಗ ರೇಟಿಲ್ಲ ನೋಡವಾ” ಅಂದರು. ಅದಕ್ಕೆ ಎದುರಾಡಲು ನನ್ನ ಬಳಿ ಯಾವ ಡೇಟಾವೂ ಇರಲಿಲ್ಲ.

ಕಳೆದ ಭಾನುವಾರ ಅವ್ವ ಹೇಳಿದ ಪ್ರಕಾರ ಬೇವಿನ ಸೊಪ್ಪು ಹಾಕಿ ಎರಡು ಚೀಲ ಅಟ್ಟದ ಮೇಲೆ ಇಟ್ಟಿದ್ದಾರೆ. ಮಾರಿಲ್ಲ, ಕುಟ್ಟಿಸಿಲ್ಲ. ತಮ್ಮ ಒಂದು ಚೀಲ ತಗೊಂಡು ಧಾರವಾಡದ ಕೃಷಿ ಮೇಳಕ್ಕೆ ಹೋಗುತ್ತೇನೆ ಅಂದಿದ್ದಾನೆ; ಅವನಿಗೆ ಅಲ್ಲಿ ಟ್ರ್ಯಾಕ್ಟರ್ ನೋಡುವುದಿದೆ. ಇನ್ನೊಂದು ಚೀಲದ ಬಿತ್ತನೆ ದೀಪಾವಳಿ ಕಳೆದ ಮೇಲೆ. ಎರಡು ಎಕರೆಯೋ ಹತ್ತು ಗುಂಟೆಯೋ, ಅದು ಹೋದ ವರ್ಷದ ಕಬ್ಬಿನ ಬಿಲ್ಲು ಅಷ್ಟರೊಳಗೆ ಬರುತ್ತದೋ ಇಲ್ಲವೋ ಎನ್ನುವುದರ ಮೇಲಿದೆ.